ದಿನಗಳ ಲೆಕ್ಕ ಒಂದು ದಿನ ತಪ್ಪುತ್ತಿತ್ತು, ಸರಿಮಾಡಿದ್ದು ಹೀಗೆ

ಜಾವಾಸ್ಕ್ರಿಪ್ಟ್‌ಗೆ ‘2024-03-10’ ಎಂದು ಬರೀ ದಿನಾಂಕ ಕೊಟ್ಟರೆ ಅದನ್ನು ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಮಧ್ಯರಾತ್ರಿ ಎಂದು ಓದುತ್ತದೆ. ನ್ಯೂಯಾರ್ಕ್‌ನಲ್ಲಿ ಆಗಿನ್ನೂ 9ರ ಸಂಜೆ 7 ಗಂಟೆ, ಹಾಗಾಗಿ ಪರದೆಯ ಮೇಲೆ 9 ಎಂದೇ ಬರುತ್ತಿತ್ತು. ಸ್ಥಳೀಯ ಮಧ್ಯರಾತ್ರಿ ಹಿಡಿದರೂ ತಾಪತ್ರಯ ತಪ್ಪಲ್ಲ: ಅಲ್ಲಿ ಅವತ್ತು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿ ದಿನಕ್ಕೆ 23 ಗಂಟೆಯಷ್ಟೇ. 10 ಮತ್ತು 11ರ ಮಧ್ಯರಾತ್ರಿಗಳ ವ್ಯತ್ಯಾಸವನ್ನು ಒಂದು ದಿನದ 8,64,00,000 ಮಿಲಿಸೆಕೆಂಡ್‌ಗಳಿಂದ ಭಾಗಿಸಿದರೆ 0.958, ಫ್ಲೋರ್ (ದಶಮಾಂಶ ಬಿಟ್ಟು ಕೆಳಗಿನ ಪೂರ್ಣಾಂಕ) ಹಾಕಿದರೆ ಸೊನ್ನೆ ದಿನ!

ದಿನಾಂಕದ ಸ್ಟ್ರಿಂಗನ್ನು (ಅಕ್ಷರಸಾಲನ್ನು) ವರ್ಷ, ತಿಂಗಳು, ದಿನವಾಗಿ ಒಡೆದು, ಎರಡೂ ದಿನಾಂಕಗಳನ್ನು ಡೇಟ್.ಯುಟಿಸಿ ಫಂಕ್ಷನ್‌ಗೆ ಕೊಟ್ಟು ಕಳೆದು ಭಾಗಿಸಿದೆ. ಅದರಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ತಿಂಗಳಲ್ಲಿ ಒಂದು ಕಡಿಮೆ ಮಾಡಲೇಬೇಕು, ಮಾರ್ಚ್ ಅಂದರೆ 2. ಈಗ ಪೂರ್ಣಾಂಕವೇ ಬರುತ್ತದೆ. ತೋರಿಸುವಾಗಲೂ ಟೈಮ್‌ಝೋನ್ ಯುಟಿಸಿ ಎಂದೇ ಕೊಡಿ. ‘ಇವತ್ತು’ ಮಾತ್ರ ಬಳಕೆದಾರರ ಸ್ಥಳೀಯ ದಿನಾಂಕದಿಂದಲೇ ಬರಬೇಕು. ಹುಟ್ಟಿದ ದಿನದಂಥವನ್ನು ಡೇಟಾಬೇಸ್‌ನಲ್ಲಿ ಟೈಮ್‌ಸ್ಟ್ಯಾಂಪ್ (ದಿನಾಂಕದ ಜೊತೆ ಗಂಟೆ-ನಿಮಿಷವೂ ಇರುವಂಥದ್ದು) ಆಗಿ ಇಡಲೇಬೇಡಿ, ಡೇಟ್ ಕಾಲಮ್ ಸಾಕು. ಕ್ರೋಮ್ ಬ್ರೌಸರ್‌ನ ಡೆವಲಪರ್ ಸಾಧನವಾದ ಡೆವ್‌ಟೂಲ್ಸ್‌ನ ಸೆನ್ಸರ್ಸ್ ಪ್ಯಾನೆಲ್‌ನಲ್ಲಿ ಸ್ಥಳ ಬದಲಿಸಿ ಪರೀಕ್ಷಿಸಬಹುದು.