32 ಜಿಬಿ ಫೋನಿನಲ್ಲಿ ಅಂಗನವಾಡಿ: ನನ್ನ ಹನ್ನೆರಡನೆಯ ರಿಜಿಸ್ಟರ್

ಅಂಗನವಾಡಿಯ ದಿನದ ಲೆಕ್ಕ ತುಂಬುವ ಪೋಷಣ್ ಟ್ರ್ಯಾಕರ್, ವಾಟ್ಸ್‌ಆ್ಯಪ್, ಯುಪಿಐ, ಬ್ಯಾಂಕಿನ ಆ್ಯಪ್, ಅದರ ಮೇಲೆ ಚುನಾವಣೆಯ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆ್ಯಪ್. ಇವೆಲ್ಲ 32 ಜಿಬಿ ಫೋನಿನಲ್ಲಿ ನಡೆಯುವುದೇ ಇಲ್ಲ ಎಂದು ನಮ್ಮ ಸರ್ಕಲ್‌ನಲ್ಲಿ (ಒಬ್ಬ ಮೇಲ್ವಿಚಾರಕಿಯ ಕೈಕೆಳಗಿನ ಅಂಗನವಾಡಿಗಳ ಗುಂಪು) ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಹಿರಿಯೂರಿನ ಮೊಬೈಲ್ ಅಂಗಡಿಯ ಹುಡುಗ ಪ್ರತಿ ಸಲವೂ "ಟೀಚರ್, ಇದನ್ನು ಬಿಟ್ಟು 128 ಜಿಬಿಯದು ತೆಗೆದುಕೊಳ್ಳಿ" ಎನ್ನುತ್ತಿದ್ದ. ಮನೆಯಲ್ಲಿ ಮಗನದೂ ಅದೇ ಮಾತು. ಹೊಸ ಫೋನ್ ಎಂದರೆ ಹೆಚ್ಚುಕಡಿಮೆ ಒಂದು ತಿಂಗಳ ಗೌರವಧನ. 2021ರಲ್ಲಿ ಸುಮಾರು ಏಳೂವರೆ ಸಾವಿರ ಕೊಟ್ಟು ಕೊಂಡ ನನ್ನ ಮೊದಲ ಸ್ಮಾರ್ಟ್‌ಫೋನ್ ಇಂದಿಗೂ ಅದೇ ಕೆಲಸವನ್ನು ಮಾಡುತ್ತಿದೆ. 2025ರಲ್ಲಿ ಮನೆಗೆ ಕೊಡುವ ಪಡಿತರಕ್ಕೆ ಮುಖ ಗುರುತಿಸುವ ವ್ಯವಸ್ಥೆ ಬಂದಾಗ ದೊಡ್ಡ ಫೋನಿನವರು ಕೂಡ ಪರದಾಡಿದರು. ನನ್ನದು ನಿಧಾನವಾಗಿಯಾದರೂ ಒಮ್ಮೆಯೂ "ಜಾಗವಿಲ್ಲ" ಎನ್ನಲಿಲ್ಲ. ಹೇಗೆ ಎಂದು ಕೇಳಿದ ಕಾರ್ಯಕರ್ತೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ್ಯಪ್ ಹಾಕುವುದು, ತೆಗೆಯುವುದು ನಿಮಗೆಲ್ಲ ಗೊತ್ತು, ಆದ್ದರಿಂದ ಅದನ್ನು ವಿವರಿಸುವುದಿಲ್ಲ.

ಡಬ್ಬಿಯ ಮೇಲೆ 32 ಎಂದಿದ್ದರೂ ನಮಗೆ ಸಿಗುವುದು ಇಪ್ಪತ್ತರ ಆಸುಪಾಸು. ಉಳಿದದ್ದು ಫೋನಿಗೇ ಬೇಕು. ಮೊದಲ ವರ್ಷ ಮುಗಿಯುವ ಹೊತ್ತಿಗೆ ಆ ಇಪ್ಪತ್ತೂ ತುಂಬಿತ್ತು. ಆಗ ಸಿಕ್ಕಿದ ಸಲಹೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದೆ.

ಮೊದಲನೆಯದು ಫೋನನ್ನು ಸ್ವಚ್ಛ ಮಾಡುತ್ತೇನೆಂದು ಹೇಳುವ ಆ್ಯಪ್. ಅದೇ ನೂರೈವತ್ತು ಎಂಬಿ ತಿಂದಿತು, ಗಂಟೆಗೊಂದು ಜಾಹೀರಾತು ತೋರಿಸಿತು, ಮಧ್ಯಾಹ್ನಕ್ಕೇ ಬ್ಯಾಟರಿ ಮುಗಿಯತೊಡಗಿತು. ಎರಡನೆಯದು ಮೆಮೊರಿ ಕಾರ್ಡ್, ನಾನೂರೈವತ್ತು ರೂಪಾಯಿಯದು. ಕ್ಯಾಮೆರಾದ ಫೋಟೊಗಳು ಅದಕ್ಕೆ ಹೋದವು, ಆದರೆ ವಾಟ್ಸ್‌ಆ್ಯಪ್ ತನ್ನದನ್ನೆಲ್ಲ ಫೋನಿನಲ್ಲೇ ಇಟ್ಟುಕೊಂಡಿತು, ಬ್ಯಾಂಕಿನ ಆ್ಯಪ್ ಅಲ್ಲಿಗೆ ಹೋಗಲು ಒಪ್ಪಲೇ ಇಲ್ಲ. ಎಂಟು ತಿಂಗಳಾಗುವಷ್ಟರಲ್ಲಿ ಕಾರ್ಡ್ ಕೆಟ್ಟು, ಅನ್ನಪ್ರಾಶನ ಕಾರ್ಯಕ್ರಮದ ಫೋಟೊಗಳೆಲ್ಲ ಹೋದವು. ಮೂರನೆಯದು ಅಂಗಡಿಯಲ್ಲಿ ಮುನ್ನೂರು ರೂಪಾಯಿ ಕೊಟ್ಟು ಮಾಡಿಸಿದ ರೀಸೆಟ್. ಒಂದು ವಾರ ಫೋನ್ ಹಕ್ಕಿಯಂತೆ ಹಾರಿತು, ಎರಡು ತಿಂಗಳಿಗೆ ಮತ್ತೆ ಅದೇ ಸ್ಥಿತಿ. ಬ್ಯಾಂಕಿಗೆ, ಯುಪಿಐಗೆ ಮತ್ತೆ ನೋಂದಣಿ ಮಾಡಬೇಕಾಯಿತು. ನೋಂದಣಿಗೆ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು, ಅಂದು ರೀಚಾರ್ಜ್ ಮುಗಿದಿತ್ತು, ಅದಕ್ಕೊಂದು ಖರ್ಚು. ನಾಲ್ಕನೆಯದು, ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವುದು. ದಿನದ ಡೇಟಾ ಎಲ್ಲ ಡೌನ್‌ಲೋಡ್‌ಗೇ ಖರ್ಚಾಗಿ, ಹಾಜರಿ ಅಪ್‌ಲೋಡ್ ಮಾಡುವ ಹೊತ್ತಿಗೆ ಏನೂ ಉಳಿಯುತ್ತಿರಲಿಲ್ಲ. ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ರೂಪಾಯಿ ಹೋಗಿರಬೇಕು.

ಕೊನೆಗೆ ಕೈಹಿಡಿದದ್ದು ನಮಗೆ ಅಭ್ಯಾಸವಿರುವ ವಿದ್ಯೆಯೇ. ಅಂಗನವಾಡಿಯ ಹನ್ನೊಂದು ರಿಜಿಸ್ಟರ್ ಬರೆದ ಕೈ ನಮ್ಮದು. ಹಳೆಯ ನೂರು ಪುಟದ ನೋಟ್‌ಬುಕ್ ಒಂದನ್ನು ಹನ್ನೆರಡನೆಯ ರಿಜಿಸ್ಟರ್ ಮಾಡಿಕೊಂಡೆ. ಕಲಂ ನಾಲ್ಕು: ಆ್ಯಪ್‌ನ ಹೆಸರು, ಆ್ಯಪ್‌ನ ಗಾತ್ರ, ಅದು ಕೂಡಿಟ್ಟುಕೊಂಡ ಡೇಟಾ, ಕೊನೆಯ ಬಾರಿ ತೆರೆದದ್ದು ಯಾವಾಗ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ಗಳನ್ನು ನಿರ್ವಹಿಸುವ ಪುಟಕ್ಕೆ ಹೋದರೆ ಗಾತ್ರದ ಪ್ರಕಾರವೂ ಕಡಿಮೆ ಬಳಸಿದವುಗಳ ಪ್ರಕಾರವೂ ಜೋಡಿಸಿ ತೋರಿಸುತ್ತದೆ. ಪ್ರತಿ ಶನಿವಾರ ಮಕ್ಕಳು ಹೋದ ಮೇಲೆ ಅದನ್ನು ನೋಡಿ ಬರೆಯುತ್ತಿದ್ದೆ. ನಮ್ಮ ಸಹಾಯಕಿ "ಇದಕ್ಕೂ ಇನ್‌ಸ್ಪೆಕ್ಷನ್ ಇದೆಯಾ ಟೀಚರ್?" ಎಂದು ಕೇಳಿದ್ದಳು.

ಮೂರು ವಾರ ಬರೆದ ಮೇಲೆ ಲೆಕ್ಕ ಸ್ಪಷ್ಟವಾಯಿತು. ನಾವೆಲ್ಲ ದೂರುವ ಇಲಾಖೆಯ ಆ್ಯಪ್‌ಗಳು ಒಟ್ಟು ಸೇರಿ ಒಂದು ಜಿಬಿಯನ್ನೂ ಮುಟ್ಟಿರಲಿಲ್ಲ. ವಾಟ್ಸ್‌ಆ್ಯಪ್ ಒಂದೇ ಒಂಬತ್ತು ಜಿಬಿ ದಾಟಿತ್ತು. ಆ್ಯಪ್‌ಗಳನ್ನು ಕಿತ್ತುಹಾಕುವುದರಲ್ಲಿ ನಾವು ಕಳೆದ ಕಾಲವೆಲ್ಲ ತಪ್ಪು ಜಾಗದಲ್ಲಿ ಅಗೆದದ್ದು. ನಮ್ಮ ಕೆಲಸದಲ್ಲಿ ಗುಂಪುಗಳೆಷ್ಟು ನೋಡಿ: ಸರ್ಕಲ್ ಗುಂಪು, ಪ್ರಾಜೆಕ್ಟ್ ಗುಂಪು, ಆಶಾ ಮತ್ತು ಆರೋಗ್ಯ ಉಪಕೇಂದ್ರದ ಗುಂಪು, ಬಾಲ ವಿಕಾಸ ಸಮಿತಿ, ತಾಯಂದಿರ ಗುಂಪು, ಬಿಎಲ್‌ಒ ಗುಂಪು, ಸಂಘದ ಗುಂಪು. ಒಬ್ಬರು ತೂಕ ಮಾಡುವ ಫೋಟೊ ಹಾಕಿದರೆ ಮೂವತ್ತು ಕೇಂದ್ರಗಳವರು ಹಾಕುತ್ತಾರೆ, ಎಲ್ಲವೂ ನಮ್ಮೆಲ್ಲರ ಫೋನಿಗೆ ಇಳಿಯುತ್ತವೆ. ಸೆಪ್ಟೆಂಬರ್‌ನ ಪೋಷಣ್ ಮಾಸದಲ್ಲಂತೂ (ಪೌಷ್ಟಿಕತೆಯ ಅಭಿಯಾನದ ತಿಂಗಳು) ಕೇಳುವುದೇ ಬೇಡ.

ನಾನು ಮಾಡಿದ್ದು ಇಷ್ಟು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ, ವಿಡಿಯೊ, ಕಡತ ಮೂರೂ ತಾವಾಗಿ ಇಳಿಯುವುದನ್ನು ಮೊಬೈಲ್ ಡೇಟಾ, ವೈಫೈ ಎರಡರಲ್ಲೂ ನಿಲ್ಲಿಸಿದೆ. ಆದೇಶದ ಪಿಡಿಎಫ್ ಬೇಕಿದ್ದರೆ ಅದನ್ನಷ್ಟೇ ಒತ್ತಿ ಇಳಿಸಿಕೊಳ್ಳುತ್ತೇನೆ. ಅದರ ಸಂಗ್ರಹಣೆ ನಿರ್ವಹಿಸುವ ಪುಟದಲ್ಲಿ ಐದು ಎಂಬಿಗಿಂತ ದೊಡ್ಡವು ಮತ್ತು ಹಲವು ಬಾರಿ ಫಾರ್ವರ್ಡ್ ಆದವು ಎಂದು ಬೇರೆಯಾಗಿ ತೋರಿಸುತ್ತದೆ. ಶುಭೋದಯದ ವಿಡಿಯೊಗಳೆಲ್ಲ ಅಲ್ಲೇ ಸಿಕ್ಕಿಬೀಳುತ್ತವೆ. ಬಹಳ ಮಂದಿಗೆ ಗೊತ್ತಿಲ್ಲದ ಜಾಗ ಇನ್ನೊಂದಿದೆ. ನಾವು ಕಳಿಸಿದ ಪ್ರತಿ ಫೋಟೊದ ಇನ್ನೊಂದು ಪ್ರತಿಯನ್ನು ವಾಟ್ಸ್‌ಆ್ಯಪ್ ತನ್ನ 'ಸೆಂಟ್' ಫೋಲ್ಡರ್‌ನಲ್ಲಿ ಇಡುತ್ತದೆ. ಗ್ಯಾಲರಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಫೈಲ್ಸ್ ಆ್ಯಪ್‌ನಲ್ಲಿ ಹುಡುಕಿಕೊಂಡು ಹೋಗಬೇಕು. ನನ್ನ ಫೋನಿನಲ್ಲಿ ಅಲ್ಲೇ ಒಂದೂವರೆ ಜಿಬಿ ಇತ್ತು. ಹಳೆಯ ಬ್ಯಾಕಪ್‌ಗಳು ಕೂಡುವ ಫೋಲ್ಡರ್ ಬೇರೆ ಇದೆ. ಅದರಲ್ಲಿ ಇತ್ತೀಚಿನದನ್ನು ಉಳಿಸಿ ಉಳಿದವನ್ನು ಅಳಿಸುತ್ತೇನೆ. ಒಂದು ಭಾನುವಾರ ಸಂಜೆ ಕುಳಿತು ಒಟ್ಟು ಏಳೆಂಟು ಜಿಬಿ ಬಿಡಿಸಿಕೊಂಡೆ. ಒಂದು ಪೈಸೆ ಖರ್ಚಿಲ್ಲ.

ಇನ್ನು ಕ್ಯಾಶ್ (ಆ್ಯಪ್ ತಾತ್ಕಾಲಿಕವಾಗಿ ಕೂಡಿಟ್ಟುಕೊಂಡದ್ದು) ಮತ್ತು ಡೇಟಾದ ವಿಷಯ. ಸೆಟ್ಟಿಂಗ್ಸ್‌ನಲ್ಲಿ ಎರಡೂ ಬಟನ್ ಅಕ್ಕಪಕ್ಕದಲ್ಲೇ ಇರುತ್ತವೆ. ಕ್ಯಾಶ್ ಅಳಿಸಿದರೆ ಯಾವ ನಷ್ಟವೂ ಇಲ್ಲ. ಡೇಟಾ ಅಳಿಸಿದರೆ ಲಾಗಿನ್ ಹೋಗುತ್ತದೆ, ನೆಟ್‌ವರ್ಕ್ ಇಲ್ಲದಾಗ ತುಂಬಿ ಇನ್ನೂ ಅಪ್‌ಲೋಡ್ ಆಗದ ಮಾಹಿತಿಯೂ ಹೋಗುತ್ತದೆ. ಪಕ್ಕದ ಊರಿನ ಕಾರ್ಯಕರ್ತೆಯೊಬ್ಬರು ಯಾರೋ ಹೇಳಿದರೆಂದು ಡೇಟಾ ಅಳಿಸಿ ಎರಡು ದಿನದ ತೂಕ-ಎತ್ತರವನ್ನು ಮತ್ತೆ ತುಂಬಿದರು. ನನ್ನ ರಿಜಿಸ್ಟರ್‌ನಲ್ಲಿ ಅಂಥ ಆ್ಯಪ್‌ಗಳ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತಿದೆ: ಪೋಷಣ್ ಟ್ರ್ಯಾಕರ್, ಬ್ಯಾಂಕ್, ಯುಪಿಐ, ಬಿಎಲ್‌ಒ. ಇವುಗಳ ಕ್ಯಾಶ್ ಮಾತ್ರ, ಅದೂ ಎಲ್ಲ ಅಪ್‌ಲೋಡ್ ಆಗಿದೆಯೇ ಎಂದು ನೋಡಿದ ನಂತರ.

ಅಪ್‌ಡೇಟ್‌ಗೆ ಆ್ಯಪ್‌ನ ಗಾತ್ರಕ್ಕಿಂತ ಹೆಚ್ಚು ಖಾಲಿ ಜಾಗ ಬೇಕು. ಎರಡು ಮೂರು ಪಟ್ಟು ಇದ್ದರೆ ಚಿಂತೆಯಿಲ್ಲ. ಅದಕ್ಕೇ ನಾನು ಮೂರು ಜಿಬಿ ಸದಾ ಖಾಲಿ ಇಡುತ್ತೇನೆ, ಅದಕ್ಕಿಂತ ಇಳಿದರೆ ಫೋನ್ ತಡವರಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿದ್ದೇನೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ನನ್ನದು. ಉಳಿದ ಡೇಟಾ ಮಧ್ಯರಾತ್ರಿಗೆ ಸುಮ್ಮನೆ ಹೋಗುತ್ತದೆ, ಆದ್ದರಿಂದ ರಾತ್ರಿ ಹತ್ತೂವರೆಯ ಮೇಲೆ ಕೆಂಪು ಗುರುತಿನ ಆ್ಯಪ್‌ಗಳನ್ನು ಮೊದಲು, ಮಿಕ್ಕವನ್ನು ಆಮೇಲೆ ಅಪ್‌ಡೇಟ್ ಮಾಡುತ್ತೇನೆ. ಬೆಳಿಗ್ಗೆ ಕೇಂದ್ರ ತೆರೆದು ಫೋಟೊ ತೆಗೆಯುವ ಹೊತ್ತಿಗೆ "ಹೊಸ ಆವೃತ್ತಿ ಹಾಕಿ" ಎಂದು ಆ್ಯಪ್ ನನ್ನನ್ನು ತಡೆದು ಎಷ್ಟೋ ಕಾಲವಾಯಿತು.

ಫೋನಿನ ಜೊತೆಗೇ ಬಂದ ಆಟ, ಸುದ್ದಿ, ಸಿನಿಮಾ ಆ್ಯಪ್‌ಗಳಲ್ಲಿ ಕೆಲವನ್ನು ತೆಗೆಯಲಾಗುವುದಿಲ್ಲ. ಅವುಗಳ ಅಪ್‌ಡೇಟ್ ತೆಗೆದು ನಿಷ್ಕ್ರಿಯಗೊಳಿಸಿದರೆ ಒಂದು ಜಿಬಿಯ ಹತ್ತಿರ ಸಿಗುತ್ತದೆ. ವಿದ್ಯುತ್ ಬಿಲ್, ಪಹಣಿ, ರೈಲಿನ ವೇಳೆ, ಇವುಗಳಿಗೆ ನಾನು ಆ್ಯಪ್ ಇಟ್ಟಿಲ್ಲ. ಕ್ರೋಮ್‌ನಲ್ಲಿ ಜಾಲತಾಣ ತೆರೆದು ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡಿದ್ದೇನೆ. ನೋಡಲು ಆ್ಯಪ್‌ನಂತೆಯೇ ಇದೆ, ತೂಕವಿಲ್ಲ.

ರಿಜಿಸ್ಟರ್‌ಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಪ್ಲೇ ಸ್ಟೋರ್ ಬಿಟ್ಟು ಬೇರೆ ದಾರಿಯಿಂದ ಬಂದದ್ದಕ್ಕೆ ಅದರಲ್ಲಿ ಸಾಲಿಲ್ಲ. ಮದುವೆ ಆಮಂತ್ರಣ, ಪಿಎಂ ಕಿಸಾನ್, ಸಂಚಾರ ದಂಡ ಎಂಬ ಹೆಸರಿನಲ್ಲಿ ಎಪಿಕೆ ಕಡತಗಳು (ಪ್ಲೇ ಸ್ಟೋರ್ ಇಲ್ಲದೆ ಆ್ಯಪ್ ಹಾಕುವ ಕಡತ) ಗುಂಪುಗಳಿಗೆ ಬರುತ್ತಿವೆ. ಒತ್ತಿ ಹಾಕಿಕೊಂಡರೆ ನಮ್ಮ ಎಸ್‌ಎಂಎಸ್, ಒಟಿಪಿ ಎಲ್ಲ ಕಳ್ಳರ ಪಾಲು. ಗೊತ್ತಾಗದೆ ಒತ್ತಿದವರು ನಾಚಿಕೆಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಸಾಲದ ಆ್ಯಪ್‌ಗಳ ಬಗ್ಗೆಯೂ ಎಚ್ಚರವಿರಲಿ: ಅವು ಸಂಪರ್ಕ ಪಟ್ಟಿಯನ್ನು ಮುಟ್ಟಬಾರದೆಂದು 2022ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಸಂಪರ್ಕ ಪಟ್ಟಿ ಕೇಳಿದರೆ ಅಲ್ಲಿಗೇ ತೆಗೆದುಹಾಕಿ. ನಮ್ಮ ಫೋನಿನಲ್ಲಿರುವುದು ಊರಿನ ಗರ್ಭಿಣಿಯರ, ಬಾಣಂತಿಯರ ನಂಬರ್‌ಗಳು.

ಜೊತೆಜೊತೆಗೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬ್ಯಾಂಕಿನ ಸಿಮ್ಮನ್ನು ಹಳೆಯ ಕೀಪ್ಯಾಡ್ ಫೋನಿಗೆ ಹಾಕಿ ನೋಡಿದೆ. ಕೆಲವು ದಿನ ಸುಮ್ಮನಿದ್ದ ಯುಪಿಐ ಮತ್ತೆ ಸಿಮ್ ಪರಿಶೀಲನೆ ಕೇಳಿತು, ವಾಪಸು ತಂದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಫೋನ್ ಕಾದು ಕ್ಯಾಮೆರಾ ನಿಲ್ಲುತ್ತಿತ್ತು. ಹಿಂಬದಿಯ ಕವರ್ ತೆಗೆದು, ಏರೋಪ್ಲೇನ್ ಮೋಡ್‌ನಲ್ಲಿ ಹತ್ತು ನಿಮಿಷ ನೆರಳಿಗಿಟ್ಟರೆ ಸಾಕು. ಮನೆ ಭೇಟಿಯ ವಿವರವನ್ನು ಬೆರಳಿನಲ್ಲಿ ಒತ್ತುವ ಬದಲು ಕೀಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ ನೋಡಿದೆ. ಊರಿನ ಹೆಸರುಗಳಲ್ಲಿ ಎಡವುತ್ತದೆ, ಉಳಿದದ್ದನ್ನು ಚೆನ್ನಾಗಿಯೇ ಬರೆಯುತ್ತದೆ. ಅರ್ಧ ಸಮಯ ಉಳಿಯಿತು.

ಈಗ ಸರ್ಕಲ್ ಸಭೆ ಮುಗಿದ ಮೇಲೆ ಐದಾರು ಫೋನ್‌ಗಳು ನನ್ನ ಮುಂದೆ ಸಾಲಾಗಿ ಕೂರುತ್ತವೆ. ಅನುಮಾನಪಟ್ಟಿದ್ದ ಮೇಲ್ವಿಚಾರಕಿಯವರೇ ತಮ್ಮದನ್ನೂ ಒಮ್ಮೆ ಕೊಟ್ಟರು, ಹನ್ನೊಂದು ಜಿಬಿ ಬಿಡಿಸಿಕೊಟ್ಟೆ. ಮುಖ ಗುರುತಿಸುವಾಗ ಆ್ಯಪ್ ನಿಲ್ಲದಂತೆ ಬೆಳಿಗ್ಗೆ ನಾನು ಮಾಡಿಕೊಳ್ಳುವ ಸಿದ್ಧತೆಯೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದೊಂದು ಫೋನಿಗೆ ಒಂದೊಂದು ಬಗೆ, ಎದುರು ಕೂತವರಿಗಷ್ಟೇ ತೋರಿಸುತ್ತೇನೆ.

ಈ ವರ್ಷ ಮೊದಲ ಬಾರಿ ಪ್ರಯತ್ನಿಸುವವರು ಆಗಸ್ಟ್ ಕೊನೆಯ ವಾರದಲ್ಲೇ ಶುರು ಮಾಡಿ, ಪೋಷಣ್ ಮಾಸಕ್ಕೆ ಮುನ್ನ ಐದು ಜಿಬಿಯಾದರೂ ಖಾಲಿ ಇರಲಿ. ಆ ತಿಂಗಳು ಶನಿವಾರಕ್ಕೆ ಕಾಯದೆ ಬುಧವಾರವೂ ಒಮ್ಮೆ ರಿಜಿಸ್ಟರ್ ತೆರೆಯಿರಿ. ಕಾರ್ಯಕ್ರಮದ ಫೋಟೊಗಳನ್ನು ಅಳಿಸುವ ಮೊದಲು ವರದಿ ಮೇಲಕ್ಕೆ ಹೋಗಿದೆಯೇ ಎಂದು ಮೇಲ್ವಿಚಾರಕಿಯವರನ್ನು ಕೇಳಿಕೊಳ್ಳಿ.