ಸ್ಪ್ಲೀನ್ ಕೈಗೆ ಸಿಗೋದು ಹೇಗೆ: ಕ್ಲಿನಿಕ್ಕಿನಲ್ಲಿ ನನ್ನ ಅನುಭವ

ಮುಂಬೈಲಿ ಮಳೆ ಹಿಡಿದ್ರೆ ಸಾಕು, ಘಾಟ್ಕೋಪರ್‌ನ ನನ್ನ ಕ್ಲಿನಿಕ್ಕಿಗೆ ಬರೋರೆಲ್ಲ ಜ್ವರದವ್ರೇ, ಅದ್ರಲ್ಲೂ ಕಲಬುರಗಿ ಯಾದಗಿರಿ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದೋರು ಜಾಸ್ತಿ. ಕೈಲಿ ಪ್ಲೇಟ್‌ಲೆಟ್ ರಿಪೋರ್ಟ್ ಇರತ್ತೆ, ಆದ್ರೆ ಹೊಟ್ಟೆ ಯಾರೂ ಮುಟ್ಟಿ ನೋಡಿರಲ್ಲ. ನಾನು ಮಲಗಿಸಿದ ತಕ್ಷಣ ಕೇಳ್ತಾರೆ, "ಸಾಹೇಬ್ರ, ಜ್ವರ ಬಂದದ, ಹೊಟ್ಟಿ ಯಾಕ ನೋಡ್ಲತ್ತೀರಿ?" ಮಲೇರಿಯಾ ಜ್ವರದಲ್ಲಿ ಹೊಟ್ಟೆಯೊಳಗಿನ ಸ್ಪ್ಲೀನ್ ಊದತ್ತೆ, ನಾನು ಹುಡುಕೋದು ಅದನ್ನೇ.

ಆರಾಮಾಗಿರೋ ಮನುಷ್ಯನ ಸ್ಪ್ಲೀನ್, ಅಂದ್ರೆ ಗುಲ್ಮ, ಮುಷ್ಟಿಯಷ್ಟು ದೊಡ್ಡದು, ತೂಕ ಸುಮಾರು 150 ಗ್ರಾಂ. ಎಡಗಡೆ 9ರಿಂದ 11ನೇ ಪಕ್ಕೆಲುಬಿನ ಹಿಂದೆ, ವಪೆಗೆ, ಅಂದ್ರೆ ಎದೆಗೂ ಹೊಟ್ಟೆಗೂ ನಡುವೆ ಇರೋ ಉಸಿರಾಟದ ಸ್ನಾಯುವಿಗೆ, ಅಂಟಿಕೊಂಡ ಹಾಗೆ ಅಡಗಿರತ್ತೆ, ಕೈಗೆ ಸಿಗಲ್ಲ. ಎರಡು ಮೂರು ಪಟ್ಟು ಊದಿದ್ಮೇಲೇ ಸಾಮಾನ್ಯವಾಗಿ ಪಕ್ಕೆಲುಬಿನ ಕೆಳಗೆ ಇಣುಕೋದು. ಅದಕ್ಕೆ ನೇರ ಕೆಳಗಿಳಿಯೋಕೆ ಜಾಗ ಇಲ್ಲ, ಕೆಳಗಡೆ ದೊಡ್ಡ ಕರುಳಿನ ತಿರುವನ್ನ ಹಿಡಿದಿರೋ ಒಂದು ಪಟ್ಟಿ ಅಡ್ಡ ಇದೆ, ಹಾಗಾಗಿ ಓರೆಯಾಗಿ ಹೊಕ್ಕುಳಿನ ಕಡೆ ಬೆಳೀತಾ ಬರತ್ತೆ.

ಅದಕ್ಕೇ ನಾನು ಯಾವಾಗ್ಲೂ ಬಲಗಡೆ ಕೆಳಹೊಟ್ಟೆಯಿಂದ ಶುರು ಮಾಡೋದು. ಎಡಪಕ್ಕೆಯಿಂದ್ಲೇ ಶುರು ಮಾಡಿದ್ರೆ ತುಂಬಾ ದೊಡ್ಡ ಸ್ಪ್ಲೀನ್ ಆಗಿದ್ರೆ ಕೈ ಅದರ ಮೇಲೇ ಕೂತಿರತ್ತೆ, ಅಂಚೇ ಸಿಗಲ್ಲ. ಮಂಡಿ ಮಡಚಿಸಿ, ಎಡಗೈ ಪೇಷಂಟ್‌ನ ಪಕ್ಕೆ ಹಿಂದೆ ಇಟ್ಟು, "ಉಸುರು ಜೋರಾಗಿ ಎಳಕೋಪಾ" ಅಂತೀನಿ. ಬೆರಳು ಒತ್ತಲ್ಲ, ಸುಮ್ನೆ ಕಾಯ್ತೀನಿ. ಉಸಿರೆಳೆದಾಗ ವಪೆ ಕೆಳಗೆ ತಳ್ಳತ್ತೆ, ಸ್ಪ್ಲೀನಿನ ಅಂಚು ತಾನೇ ಬಂದು ಬೆರಳಿಗೆ ತಾಗತ್ತೆ. ಸಿಗದಿದ್ರೆ ಬಲಮಗ್ಗುಲಿಗೆ ಹೊರಳಿಸಿ ಇನ್ನೊಂದ್ಸಲ. ಕಿಡ್ನಿನಾ ಸ್ಪ್ಲೀನಾ ಅಂತ ಡೌಟ್ ಬಂದ್ರೆ ಅಂಚಿನಲ್ಲಿ ಕಚ್ಚು ಇದೆಯಾ, ಅದರ ಮೇಲ್ಗಡೆ ಬೆರಳು ತೂರಿಸೋಕಾಗತ್ತಾ ನೋಡ್ತೀನಿ. ಸ್ಪ್ಲೀನ್ ಆದ್ರೆ ಕಚ್ಚು ಸಿಗಬಹುದು, ಬೆರಳು ಹೋಗಲ್ಲ. ಸೋನೋಗ್ರಫಿ ಇದ್ದೇ ಇದೆಯಲ್ಲ ಅಂತೀರಾ, ಇದೆ, ಆದ್ರೆ ದಿನಗೂಲಿಯವ್ನಿಗೆ ಅದು ಅರ್ಧ ದಿನದ ಕೆಲಸ ಹೋಯ್ತು, ಕೈಗೆ ಖರ್ಚಿಲ್ಲ. 1840ರ ದಶಕದಲ್ಲೇ ಡೆಂಪ್‌ಸ್ಟರ್ ಅನ್ನೋ ಡಾಕ್ಟರು ನಮ್ಮ ದೇಶದ ಊರುಗಳಲ್ಲಿ ಹೀಗೇ ಹೊಟ್ಟೆ ಮುಟ್ಟಿ ಎಲ್ಲಿ ಮಲೇರಿಯಾ ಎಷ್ಟಿದೆ ಅಂತ ಅಳೆದಿದ್ರು, ಮಲೇರಿಯಾದ ರೋಗಾಣು ಪತ್ತೆಯಾಗೋಕೂ ಎಷ್ಟೋ ಮೊದ್ಲು.

ಮಲೇರಿಯಾದಲ್ಲಿ ಅದು ಊದೋದು ಯಾಕೆ ಅಂದ್ರೆ, ಕೆಂಪು ರಕ್ತಕಣಗಳು ಸ್ಪ್ಲೀನಿನ ಒಳಗೆ ತುಂಬಾ ಕಿರಿದಾದ ಸಂದಿಗಳಲ್ಲಿ ಬಾಗಿ ಬಳುಕಿ ನುಸುಳಬೇಕು. ಸುಮಾರು 120 ದಿನ ಆದ ಮುದಿ ಕಣ, ಇಲ್ಲಾ ರೋಗಾಣು ಹೊಕ್ಕ ಕಣ ಬಿರುಸಾಗಿರತ್ತೆ, ಬಾಗಲ್ಲ, ಅಲ್ಲೇ ಸಿಕ್ಕಾಕೊಳ್ಳತ್ತೆ, ಅಲ್ಲಿನ ಭಕ್ಷಕ ಕೋಶಗಳು ಅದನ್ನ ನುಂಗಿ ಕಬ್ಬಿಣಾಂಶ ವಾಪಸ್ ಕೊಡ್ತವೆ. ಕೆಲಸ ಹೆಚ್ಚಾದಷ್ಟೂ ಗಾತ್ರ ಹೆಚ್ಚು. ಜೊತೆಗೆ ಮೈಯಲ್ಲಿರೋ ಪ್ಲೇಟ್‌ಲೆಟ್‌ನಲ್ಲಿ ಮೂರನೇ ಒಂದು ಪಾಲು ಯಾವಾಗ್ಲೂ ಇದರೊಳಗೇ ಇರತ್ತೆ, ಊದಿದಾಗ ಇನ್ನೂ ಜಾಸ್ತಿ ಕೂತುಬಿಡತ್ತೆ. ರಿಪೋರ್ಟಲ್ಲಿ ಪ್ಲೇಟ್‌ಲೆಟ್ ಕಮ್ಮಿ ಬರೋಕೆ ಇದೂ ಒಂದು ಕಾರಣ, ಜನ ಪಪ್ಪಾಯಿ ಎಲೆ ಹುಡುಕ್ಕೊಂಡು ಓಡ್ತಾರೆ!

ಊದಿದ್ದು ಸಿಕ್ಕಿದ್ರೆ ಪದೇ ಪದೇ ಒತ್ತಬಾರದು, ಮೆತ್ತಗಾಗಿರತ್ತೆ, ಒಡೀಬಹುದು. ಪೇಷಂಟ್‌ಗೂ ನಾನು ಹೇಳೋದು, ಸಿಮೆಂಟ್ ಚೀಲ ಎತ್ತಬ್ಯಾಡ, ಕಬಡ್ಡಿ ಗಿಬಡ್ಡಿ ಬ್ಯಾಡ, ಎಡಹೊಟ್ಟೆ ಜೊತೆ ಎಡಭುಜ ನೋವು ಬಂದು ತಲೆ ಸುತ್ತಿದ್ರೆ ನನ್ನ ಹತ್ರ ಬರಬ್ಯಾಡ, ಸೀದಾ ದೊಡ್ಡಾಸ್ಪತ್ರಿಗೆ ಹೋಗು.