ಹಸಿರು ಕಟ್ಟಡದ ದಾಖಲೆ ಇಡುವುದು ಹೇಗೆ: ವಿಶ್ವವಿದ್ಯಾಲಯಗಳ ಕಟ್ಟಡ ಸಮಿತಿಗಳಿಗೆ ಒಂದು ಕೈಪಿಡಿ

ವಿಶ್ವವಿದ್ಯಾಲಯದ ಆವರಣದಲ್ಲಿ ಪರಿಸರಸ್ನೇಹಿ ಕಟ್ಟಡವೊಂದು ಏಳುವಾಗ ಅದರ ದಾಖಲಾತಿ ಸಾಮಾನ್ಯವಾಗಿ ಭೂಮಿಪೂಜೆಯ ಫೋಟೋದಿಂದ ಆರಂಭವಾಗಿ ಉದ್ಘಾಟನೆಯ ಫೋಟೋದಲ್ಲಿ ಮುಗಿದುಬಿಡುತ್ತದೆ. ಕಟ್ಟಡಕ್ಕೆ ಆ ಹೆಸರು ತಂದುಕೊಡುವ ಸಂಗತಿಗಳಲ್ಲಿ ಹೆಚ್ಚಿನವು ಈ ಎರಡು ದಿನಗಳ ನಡುವೆ ನೆಲದಡಿ, ಗಾರೆಯ ಹಿಂದೆ, ಕಾಂಕ್ರೀಟಿನ ಒಳಗೆ ಸೇರಿ ಕಣ್ಮರೆಯಾಗುತ್ತವೆ. ಆದ್ದರಿಂದ ಮುಚ್ಚಿಹೋಗುವುದನ್ನು ಮುಚ್ಚುವ ಮೊದಲೇ, ಅದೇ ದಿನ, ಅಳತೆ ಸಮೇತ ದಾಖಲಿಸಬೇಕು ಎಂಬುದನ್ನು ಮೊದಲ ನಿಯಮವಾಗಿ ಇಟ್ಟುಕೊಳ್ಳಿ. ಕೆಳಗಿನ ಕ್ರಮವನ್ನು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್‌ಗಳ ಗೋಡೆ ಮತ್ತು ಕಾಂಕ್ರೀಟಿನ ನಡುನಡುವೆ ಹೆಂಚು ತುಂಬಿದ ಛಾವಣಿ, ಅಂದರೆ ಫಿಲ್ಲರ್ ಸ್ಲ್ಯಾಬ್, ಇರುವ ಕಟ್ಟಡವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನದ 'ಅಸ್ತ್ರ' ಕೇಂದ್ರದ ಸಂಶೋಧನೆಯಿಂದಾಗಿ ಇಂತಹ ನಿರ್ಮಾಣ ನಮ್ಮ ರಾಜ್ಯಕ್ಕೆ ಚಿರಪರಿಚಿತವಾಗಿದೆ.

ಅಗೆತ ಆರಂಭವಾಗುವ ಮೊದಲು ಎರಡು ಕೆಲಸ ಮುಗಿಸಿ. ನಿವೇಶನದಲ್ಲಿರುವ ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟು, ಎದೆಮಟ್ಟದ ಸುತ್ತಳತೆ ಬರೆದು, ನಕ್ಷೆಯಲ್ಲಿ ಗುರುತಿಸಿ. ಅನಂತರ ಕೆಲಸ ಮುಗಿಯುವವರೆಗೂ ಅಲುಗಾಡದ ಐದಾರು ಜಾಗಗಳನ್ನು, ಉದಾಹರಣೆಗೆ ಕಾಂಪೌಂಡ್ ಕಂಬ ಅಥವಾ ಪಕ್ಕದ ಕಟ್ಟಡದ ತಾರಸಿಯ ಮೂಲೆಯನ್ನು, ಆರಿಸಿ ಅಲ್ಲಿ ಬಣ್ಣದಿಂದ ಗುರುತು ಹಾಕಿ. ಪ್ರತಿ ವಾರ ಒಂದೇ ದಿನ, ಅದೇ ಗುರುತಿನ ಮೇಲೆ ನಿಂತು, ಅದೇ ದಿಕ್ಕಿಗೆ ಫೋಟೋ ತೆಗೆದರೆ ಕಟ್ಟಡ ಹಂತಹಂತವಾಗಿ ಬೆಳೆದದ್ದು ತಾನಾಗಿಯೇ ದಾಖಲಾಗುತ್ತದೆ. ಫೋಟೋಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ ಅವುಗಳ ಗಾತ್ರ ಕುಗ್ಗುವುದಲ್ಲದೆ, ತೆಗೆದ ಸಮಯ ಮತ್ತು ಸ್ಥಳದ ಮಾಹಿತಿಯೂ ಅಳಿಸಿಹೋಗುತ್ತದೆ. ಆದ್ದರಿಂದ ಮೂಲ ಕಡತವನ್ನೇ ಕಂಪ್ಯೂಟರ್‌ಗೆ ಇಳಿಸಿಕೊಂಡು, ಇಸವಿ, ತಿಂಗಳು, ದಿನ, ಜಾಗ ಎಂಬ ಕ್ರಮದಲ್ಲಿ ಹೆಸರಿಟ್ಟು, ಬೇರೊಂದು ಕಡೆ ಪ್ರತಿಯನ್ನೂ ಇಡಿ.

ಮಣ್ಣಿನ ಬಗ್ಗೆ ಎಷ್ಟು ವಿವರ ಬರೆದರೂ ಹೆಚ್ಚಾಗದು. ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ ಗಿಡ ನೆಡಲು ಉಳಿಸಬೇಕು. ಸಸ್ಯಾಂಶವಿರುವ ಆ ಮಣ್ಣು ಬ್ಲಾಕ್‌ಗೆ ಬಾರದು, ಅದರ ಕೆಳಗಿನ ಮಣ್ಣು ಬೇಕು. ಎರಡು ರಾಶಿಗಳ ಉದ್ದ, ಅಗಲ, ಎತ್ತರವನ್ನು ಅಳೆದು ಬರೆಯಿರಿ. ಕೆಳಮಣ್ಣಿನಲ್ಲಿ ಮರಳು ಮತ್ತು ಜೇಡಿ ಎಷ್ಟೆಷ್ಟಿದೆ ಎಂಬುದನ್ನು ತಿಳಿಯಲು ಪ್ರಯೋಗಾಲಯದ ವರದಿಯ ಜೊತೆಗೆ ಗಾಜಿನ ಬಾಟಲಿಯ ಪರೀಕ್ಷೆಯನ್ನೂ ಮಾಡಿ. ಬಾಟಲಿಯ ಮೂರನೇ ಒಂದು ಭಾಗಕ್ಕೆ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಸೈಟ್ ಆಫೀಸಿನ ಕಿಟಕಿಯ ಮೇಲಿಟ್ಟರೆ ಮರಳು ಕೆಲವೇ ಕ್ಷಣಗಳಲ್ಲಿ ತಳಕ್ಕಿಳಿಯುತ್ತದೆ. ಮರುದಿನ ನೋಡಿದರೆ ಅದರ ಮೇಲೆ ನುಣುಪಾದ ಹೂಳು, ಅದಕ್ಕೂ ಮೇಲೆ ಜೇಡಿಯ ತೆಳುಪದರ ನಿಂತಿರುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಅದರ ಫೋಟೋ ತೆಗೆಯಿರಿ. ಮಣ್ಣು ತೆಗೆಯುವ ಗುಂಡಿ ಬದಲಾದಾಗಲೆಲ್ಲ ಈ ಪರೀಕ್ಷೆ ಮತ್ತೆ ಆಗಬೇಕು.

ಬ್ಲಾಕ್ ಒತ್ತುವ ದಿನಗಳಲ್ಲಿ ಮಣ್ಣು, ಮರಳು ಮತ್ತು ಸಿಮೆಂಟಿನ ಪ್ರಮಾಣ, ಬಳಸಿದ ಮೂಟೆಗಳು, ಒತ್ತಿದ ಬ್ಲಾಕ್‌ಗಳು, ಒಡೆದವು ಎಷ್ಟು ಎಂಬುದನ್ನು ಆಯಾ ದಿನವೇ ಪುಸ್ತಕಕ್ಕೆ ಏರಿಸಿ. ಯಂತ್ರದಿಂದ ಆಗಷ್ಟೇ ಹೊರಬಂದ ಹತ್ತು ಬ್ಲಾಕ್‌ಗಳನ್ನು ಪ್ರತಿದಿನ ತೂಗಿ ಬರೆಯುವುದು ನನ್ನ ಅನುಭವದಲ್ಲಿ ಅತ್ಯಂತ ಉಪಯುಕ್ತ ಅಭ್ಯಾಸ. ಒಂದೇ ಅಚ್ಚು, ಒಂದೇ ಮಿಶ್ರಣ ಇದ್ದೂ ತೂಕ ಇಳಿಯುತ್ತಿದ್ದರೆ ಅಚ್ಚಿಗೆ ಮಣ್ಣು ಕಡಿಮೆ ಬೀಳುತ್ತಿದೆ ಎಂಬುದು ಶಕ್ತಿಪರೀಕ್ಷೆಯ ಫಲಿತಾಂಶ ಬರುವ ಎಷ್ಟೋ ದಿನ ಮೊದಲೇ ಗೊತ್ತಾಗುತ್ತದೆ. ಪ್ರತಿ ರಾಶಿಗೂ ಒತ್ತಿದ ತಾರೀಖಿನ ಹಲಗೆ ನೆಟ್ಟು, ನೀರುಣಿಸಿದ ದಿನಗಳನ್ನು ಗುರುತು ಮಾಡಿ. ಇಂತಹ ಬ್ಲಾಕ್‌ಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 1725. ಪರೀಕ್ಷಾ ವರದಿಯಲ್ಲಿ ಬ್ಲಾಕ್ ಒಣಗಿತ್ತೋ ನೀರಿನಲ್ಲಿ ನೆನೆದಿತ್ತೋ ಎಂಬುದು ಸ್ಪಷ್ಟವಾಗಿರಬೇಕು, ಏಕೆಂದರೆ ನೆನೆದಾಗಿನ ಶಕ್ತಿಯೇ ಮಳೆಗಾಲದ ಗೋಡೆಗೆ ಅನ್ವಯಿಸುವುದು.

ಈ ಲೆಕ್ಕಗಳಿಗೆ ಇನ್ನೊಂದು ಕಾರಣವೂ ಇದೆ. ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಣ್ಣು-ಸಿಮೆಂಟ್ ಬ್ಲಾಕ್ ತಯಾರಿಕೆಗೆ ಸುಟ್ಟ ಇಟ್ಟಿಗೆಗೆ ತಗಲುವ ಇಂಧನಶಕ್ತಿಯ ನಾಲ್ಕನೇ ಒಂದು ಭಾಗವಷ್ಟೇ ಸಾಕು. ನಿಮ್ಮ ಕಟ್ಟಡದಲ್ಲಿ ಆ ಉಳಿತಾಯ ನಿಜವಾಗಿಯೂ ಆಯಿತೇ ಎಂಬುದು ಸಿಮೆಂಟಿನ ಪ್ರಮಾಣ, ಮಣ್ಣು ಎಷ್ಟು ದೂರದಿಂದ ಬಂತು, ಎಷ್ಟು ಬ್ಲಾಕ್ ವ್ಯರ್ಥವಾಯಿತು ಎಂಬುದರ ಮೇಲೆ ನಿಂತಿದೆ. ಹಾಗಾಗಿ ಲಾರಿಗಳ ಚಲನ್, ವೇಬ್ರಿಡ್ಜ್ ಚೀಟಿ, ಜನರೇಟರಿನ ಡೀಸೆಲ್ ಬಿಲ್ಲು, ತಾತ್ಕಾಲಿಕ ವಿದ್ಯುತ್ ಮೀಟರಿನ ರೀಡಿಂಗ್ ಎಲ್ಲವನ್ನೂ ಕೂಡಿಡಿ. ನೀರಿನ ಟ್ಯಾಂಕರಿನ ವಿಷಯದಲ್ಲಿ 'ಮೂರು ಲೋಡ್' ಎಂದು ಬರೆದು ಬಿಡಬೇಡಿ. ಟ್ಯಾಂಕರುಗಳ ಅಳತೆ ಬೇರೆಬೇರೆ ಇರುವುದರಿಂದ ಲೀಟರಿನಲ್ಲೇ ಬರೆಯಿರಿ. ಒಡೆದ ಕಾಂಕ್ರೀಟ್, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಹೀಗೆ ನಾಲ್ಕಾಗಿ ಕಟ್ಟಡ ತ್ಯಾಜ್ಯವನ್ನು ವಿಂಗಡಿಸಿ, ಯಾವುದು ಎಲ್ಲಿಗೆ ಹೋಯಿತು ಎಂಬುದನ್ನೂ ನಮೂದಿಸಿ. ಹಸಿರು ಕಟ್ಟಡಗಳಿಗೆ ದರ್ಜೆ ನೀಡುವ 'ಗೃಹ' (GRIHA) ಶ್ರೇಣೀಕರಣಕ್ಕೆ ಅರ್ಜಿ ಹಾಕುವವರಿಗೆ ಈ ಕಾಗದಗಳು ಹೇಗಿದ್ದರೂ ಬೇಕಾಗುತ್ತವೆ, ಕೊನೆಯಲ್ಲಿ ಹುಡುಕಹೊರಟರೆ ಸಿಗುವುದಿಲ್ಲ.

ಸ್ಲ್ಯಾಬ್ ಹಾಕುವ ಹಿಂದಿನ ಸಂಜೆ ದಾಖಲಾತಿ ಮಾಡುವವರು ಸೆಂಟ್ರಿಂಗ್ ಮೇಲೆ ಇರಲೇಬೇಕು. ಮಂಗಳೂರು ಹೆಂಚುಗಳನ್ನು ಸಾಲಾಗಿ ಜೋಡಿಸಿ, ನಡುವಿನ ಸಂದುಗಳಲ್ಲಿ ಕಂಬಿ ಕಟ್ಟಿ, ವಿದ್ಯುತ್ ಪೈಪುಗಳನ್ನು ಹಾಯಿಸಿರುವ ಆ ಸ್ಥಿತಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಇರುವುದಿಲ್ಲ. ಪ್ರತಿ ಅಂಕಣವನ್ನೂ ನೇರವಾಗಿ ಮೇಲಿನಿಂದ, ಟೇಪು ಬಿಚ್ಚಿಟ್ಟು, ಅಂಕಣದ ಸಂಖ್ಯೆ ಬರೆದ ಚೀಟಿಯೊಂದಿಗೆ ಚಿತ್ರೀಕರಿಸಿ. ಮುಂದೊಂದು ದಿನ ಪ್ರೊಜೆಕ್ಟರ್ ನೇತುಹಾಕಲು ಛಾವಣಿಗೆ ತೂತು ಕೊರೆಯುವವರಿಗೆ ಕಂಬಿ ಎಲ್ಲಿದೆ, ಹೆಂಚು ಎಲ್ಲಿದೆ ಎಂಬುದು ಈ ಚಿತ್ರಗಳಿಂದಲೇ ತಿಳಿಯಬೇಕು. ನೆಲದಡಿಯ ಮಳೆನೀರಿನ ಪೈಪುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನಾನು ಕಂಡ ಕಾಲೇಜು ಕಟ್ಟಡವೊಂದರಲ್ಲಿ ಪೈಪಿನ ದಾರಿ ಯಾರಿಗೂ ಗೊತ್ತಿಲ್ಲದೆ, ಕಟ್ಟಿಕೊಂಡ ಒಂದು ತಿರುವನ್ನು ಹುಡುಕಲು ಹೊಸ ನೆಲವನ್ನು ಮೂರು ಕಡೆ ಒಡೆಯಬೇಕಾಯಿತು.

ಕೆಲಸಗಾರರ ಫೋಟೋ ತೆಗೆಯುವ ಮೊದಲು ಅವರನ್ನು ಕೇಳಿ. ಒಪ್ಪಿದವರ ಹೆಸರು, ಊರು ಮತ್ತು ಮಾಡಿದ ಕೆಲಸವನ್ನು ದಾಖಲೆಯಲ್ಲಿ ಸೇರಿಸಿ. ಸಂದು ತುಂಬುವಾಗ ಗಾರೆಯ ಹದ ಏಕೆ ಬದಲಿಸಿದರು ಎಂಬಂತಹ ಮೇಸ್ತ್ರಿಯ ವಿವರಣೆಯನ್ನು ಅವರ ಮಾತಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳಿ, ಏಕೆಂದರೆ ಆ ತಿಳಿವಳಿಕೆ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.

ಕಟ್ಟಡ ಬಳಕೆಗೆ ಬಂದ ಮೇಲೆಯೂ ಕನಿಷ್ಠ ಒಂದು ಪೂರ್ಣ ವರ್ಷ, ಬೇಸಿಗೆ, ಮಳೆ, ಚಳಿ ಮೂರೂ ಕಾಲಗಳಲ್ಲಿ, ಒಳಗಿನ ಮತ್ತು ಹೊರಗಿನ ಉಷ್ಣಾಂಶವನ್ನು ಗಂಟೆಗೊಮ್ಮೆ ದಾಖಲಿಸುವ ಉಪಕರಣಗಳನ್ನು ಇಡಿ. ಅವುಗಳನ್ನು ಬಿಸಿಲು ಬೀಳದ, ಫ್ಯಾನಿನ ಗಾಳಿ ತಾಗದ ಜಾಗದಲ್ಲಿ, ಕುಳಿತವರ ಎದೆಯ ಎತ್ತರಕ್ಕೆ ಕಟ್ಟಬೇಕು. ಈ ಅಂಕಿಅಂಶಗಳನ್ನು, ನಿಜವಾಗಿ ಕಟ್ಟಿದಂತೆ ತಿದ್ದಿದ ನಕ್ಷೆಗಳೊಂದಿಗೆ, ಎಂಜಿನಿಯರಿಂಗ್ ವಿಭಾಗದ ಬೀರುವಿನಲ್ಲಿ ಇಟ್ಟು ಬೀಗ ಹಾಕದೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟು, ಪುಸ್ತಕಗಳಂತೆಯೇ ಸಂಖ್ಯೆ ಹಾಕಿಸಿ, ವಿದ್ಯಾರ್ಥಿಗಳಿಗೆ ಸಿಗುವಂತೆ ಮಾಡಿ.